ಸತ್ತವನ ಹೆಸರು ಕೋರಿ ಅರ್ಜಿ

ಅಕ್ಕಯ್ಯಮ್ಮ ಬರೆದ ಅರ್ಜಿಯಲ್ಲಿ ತಪ್ಪು ಹುಡುಕೋಣವೆಂದರೆ ಒಂದು ದೀರ್ಘ, ಒಂದು ಒತ್ತು ಕೂಡ ಹೆಚ್ಚುಕಡಿಮೆ ಆಗಿರಲಿಲ್ಲ. ಇವರಿಂದ, ಇವರಿಗೆ, ಮಾನ್ಯರೇ, ಎಲ್ಲವೂ ಇರಬೇಕಾದ ಜಾಗದಲ್ಲೇ ಇದ್ದವು. ವಿಷಯ ಅನ್ನುವ ಕಡೆ ಅವಳು ಹೀಗೆ ಬರೆದಿದ್ದಳು: "ಕಳೆದ ಆಷಾಢ ಬಹುಳ ಪಂಚಮಿಯ ದಿನ ಇಲ್ಮಾ ನದಿಯ ಸೇತುವೆಯ ಮೇಲೆ ನನ್ನ ಕೈಯಿಂದ ಸತ್ತುಹೋದ ಮನುಷ್ಯನ ಹೆಸರು ತಿಳಿಸಿಕೊಡುವ ಬಗ್ಗೆ." ಅದರ ಕೆಳಗೆ ಕಾರಣವನ್ನೂ ಬರೆದಿದ್ದಳು: "ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು."

ಮಾಹಿತಿ ಹಕ್ಕಿನ ಅರ್ಜಿಗೆ ಕಾರಣ ಬರೆಯಬೇಕಾಗಿಲ್ಲ, ಕಾನೂನೇ ಹಾಗೆ ಹೇಳುತ್ತದೆ. ಆದರೆ ಇನ್ನೊಬ್ಬರ ಮನೆಯವರ ಹೆಸರು ಕೇಳುವಾಗ ಯಾಕೆ ಏನು ಅಂತ ಹೇಳದೆ ಕೇಳಿದರೆ ಅದೇನು ಮರ್ಯಾದೆ ಅಂತ ಅವಳಿಗೆ ಅನ್ನಿಸಿತು. ಬರೆದು, ಸಹಿ ಹಾಕಿ, ಕಚೇರಿಯ ಕಿಂಡಿಯಲ್ಲಿ ಕೊಟ್ಟು, ಸಂತೆಯಿಂದ ಬದನೆಕಾಯಿ ತೆಗೆದುಕೊಂಡು ಮನೆಗೆ ಬಂದಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು, ಅವಳಿಗೆ ಗೊತ್ತಿರಲಿಲ್ಲ ಅಷ್ಟೆ.

ಇದು ನಡೆದದ್ದು ನಾವು ನೀವು ಇರುವ ಕಾಲದಲ್ಲಲ್ಲ, ಇನ್ನೊಂದು ಮೂವತ್ತು ನಲವತ್ತು ವರ್ಷ ಕಳೆದ ಮೇಲೆ. ಆ ಹೊತ್ತಿಗೆ ನಮ್ಮ ಕಡೆಯ ಹನ್ನೊಂದು ಜನ ಯಾವುದೋ ದೇಶದ ಯುದ್ಧಕ್ಕೆ ತಾವಾಗಿಯೇ ಹೋಗಿ ಸಿಕ್ಕಿಬಿದ್ದಿದ್ದರು. ಅನ್ಯಾಯ ನೋಡಲಾರದೆ ಬಂದೆವು ಅಂದರೆ ಹಿಡಿದವರು ಕೇಳಬೇಕಲ್ಲ. ನೀವು ಈ ದೇಶದ ಸೈನಿಕರೂ ಅಲ್ಲ, ಆ ದೇಶದ ಪ್ರಜೆಗಳೂ ಅಲ್ಲ, ಕೊಲೆಗಾರರು ಅಂದುಬಿಟ್ಟರು. ನಾಲ್ಕು ಜನ ಮಾತ್ರ ವಾಪಸು ಬಂದರು. ಆಮೇಲೆ ದೇಶದಲ್ಲಿ ದೊಡ್ಡ ಗಲಾಟೆಯಾಗಿ 'ವಿದೇಶಿ ಯುದ್ಧ ಸ್ವಯಂಸೇವಕರ ರಕ್ಷಣಾ ಕಾಯ್ದೆ' ಬಂತು. ಹೋಗಬೇಡಿ ಅಂದರೆ ಜನ ಕೇಳುವುದಿಲ್ಲ, ಕದ್ದು ಹೋಗುತ್ತಾರೆ. ಹಾಗಾದರೆ ಆಳು ಇಲ್ಲೇ ಇರಲಿ, ಕೈ ಮಾತ್ರ ಹೋಗಲಿ ಅಂತ ಆ ಕಾಯ್ದೆ ಹೇಳಿತು.

ಕೈ ಹೋಗುವುದು ಹೇಗೆಂದರೆ, ಶಿಡ್ಲಘಟ್ಟದ ಹಳೆಯ ರೇಷ್ಮೆ ನೂಲಿನ ಕಾರ್ಖಾನೆಯನ್ನು ಸುಣ್ಣ ಬಣ್ಣ ಮಾಡಿಸಿ 'ದೂರಹಸ್ತ ಕೇಂದ್ರ' ಅಂತ ಬೋರ್ಡು ಹಾಕಿದ್ದರು. ಒಳಗೆ ಸಾಲಾಗಿ ಕೋಣೆಗಳು. ಒಂದೊಂದು ಕೋಣೆಯಲ್ಲಿ ಒಂದು ಕುರ್ಚಿ, ಒಂದು ತೆರೆ, ಒಂದು ಜೊತೆ ಕೈಗವಸು. ಗವಸು ಹಾಕಿಕೊಂಡು ಬೆರಳಾಡಿಸಿದರೆ ಐದು ಸಾವಿರ ಮೈಲಿ ಆಚೆ ಸರ್ವಾನ್ ದೇಶದ ಗಡಿಯಲ್ಲಿ ಒಂದು ಯಂತ್ರ ಕೈಯಾಡಿಸುತ್ತಿತ್ತು. ಆರು ಚಕ್ರ, ಎರಡು ತೋಳು, ಎತ್ತರ ಒಂದು ಕರುವಿನಷ್ಟು. ಹೆಂಗಸರೆಲ್ಲ ಅದಕ್ಕೆ ಕರು ಅಂತಲೇ ಹೆಸರಿಟ್ಟಿದ್ದರು.

ಹೆಂಗಸರು ಯಾಕೆಂದರೆ, ಈ ಕೆಲಸಕ್ಕೆ ಬೇಕಾದದ್ದು ತೋಳಿನ ಬಲವಲ್ಲ. ಕುದಿಯುವ ನೀರಿನಲ್ಲಿ ತೇಲುವ ರೇಷ್ಮೆ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಿ ಎತ್ತಿ, ಎಂಟು ಎಳೆ ಕೂಡಿಸಿ ಒಂದು ನೂಲು ಮಾಡುವ ಬೆರಳು ಬೇಕಿತ್ತು. ಅಂಥ ಬೆರಳು ಶಿಡ್ಲಘಟ್ಟದಲ್ಲಿ ಮನೆಗೆ ನಾಲ್ಕು ಸಿಗುತ್ತವೆ. ನೆಲದಲ್ಲಿ ಹೂತಿಟ್ಟ ಸಿಡಿಗುಂಡಿನ ತಂತಿ ಬಿಡಿಸುವುದರಲ್ಲಿ ನಮ್ಮೂರ ಹೆಂಗಸರನ್ನು ಮೀರಿಸಿದವರು ಜಗತ್ತಿನಲ್ಲೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಆ ದೇಶದ ಸೇನಾಪತಿಯೇ ಕಾಗದ ಬರೆದಿದ್ದ.

ಕಾಯ್ದೆಯ ಜಾಣತನ ಇದ್ದದ್ದು ಇನ್ನೊಂದು ಕಡೆ. ಒಂದು ಕರುವನ್ನು ಒಬ್ಬರೇ ನಡೆಸುತ್ತಿರಲಿಲ್ಲ, ಮೂರು ಕೋಣೆಗಳಲ್ಲಿ ಮೂವರು ಒಟ್ಟಿಗೆ ನಡೆಸುತ್ತಿದ್ದರು. ಮೂವರ ಕೈಯಾಟವೂ ಒಂದು ಪೆಟ್ಟಿಗೆಗೆ ಹೋಗಿ, ಅಲ್ಲಿ ಬೆರೆತು ಒಂದಾಗಿ ಕರುವಿಗೆ ಹೋಗುತ್ತಿತ್ತು. ಗುಂಡು ಹಾರಬೇಕಾದರೆ ಮೂವರಲ್ಲಿ ಇಬ್ಬರಾದರೂ ಬೆರಳು ಮಡಚಬೇಕು. ಯಾವ ಇಬ್ಬರು ಅನ್ನುವುದನ್ನು ಪೆಟ್ಟಿಗೆ ಆ ಕ್ಷಣವೇ ಅಳಿಸಿಹಾಕುತ್ತಿತ್ತು. ಹಾರಿದ ಮೇಲೆ ಮೂವರ ಗವಸಿಗೂ ಒಂದೇ ಸಮ ಹಿಂದೊದೆತ ಬರುತ್ತಿತ್ತು. ಹಾಗಾಗಿ ಯಾವ ದೇಶದ ಯಾವ ನ್ಯಾಯಾಲಯವೂ ಇವಳೇ ಮಾಡಿದ್ದು ಅಂತ ಬೆರಳು ತೋರಿಸುವಂತಿರಲಿಲ್ಲ. ಒಂದೇ ಒಂದು ಷರತ್ತು. ತಾನೇ ಮಾಡಿದ್ದು ಅಂತ ಸ್ವತಃ ಹೇಳಿಕೊಂಡವರಿಗೆ ಆ ರಕ್ಷಣೆ ಇಲ್ಲ.

ಯಾರಾದರೂ ಹಾಗೆ ಹೇಳಿಕೊಳ್ಳುತ್ತಾರೆಯೇ? ಕಾಯ್ದೆ ಬರೆದವರು ಇದನ್ನು ಯೋಚಿಸಿ ನಕ್ಕಿದ್ದಿರಬೇಕು.

ಅಕ್ಕಯ್ಯಮ್ಮ ಸ್ವಯಂಸೇವಕಿಯಾದದ್ದಕ್ಕೆ ಕಾರಣ ಮಗಳು ನಾಗವೇಣಿ. ಅವಳು ಸರ್ವಾನಿನಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ ಪಕ್ಕದ ದೊರೇಷ್ಯದವರು ನದಿ ದಾಟಿ ಬಂದರು. ಗುರುತು ಪರಿಚಯವಿಲ್ಲದ ಒಬ್ಬ ಮುದುಕಿ ಅವಳನ್ನು ನೆಲಮಾಳಿಗೆಯಲ್ಲಿ ನಲವತ್ತು ದಿನ ಬಚ್ಚಿಟ್ಟು, ತನ್ನ ಪಾಲಿನದನ್ನು ತಿನ್ನಿಸಿ, ಜೀವಸಹಿತ ಗಡಿ ದಾಟಿಸಿದಳು. ಆಮೇಲೆ ಮುದುಕಿಯ ಬೀದಿಯೇ ಉಳಿಯಲಿಲ್ಲ ಅಂತ ಸುದ್ದಿ ಬಂತು. ಮಗಳು ಮನೆ ಸೇರಿದ ಮೂರನೆಯ ದಿನ ಅಕ್ಕಯ್ಯಮ್ಮ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿದಳು. ಆ ತಾಯಿಗೆ ಇಷ್ಟಾದರೂ ಮಾಡದಿದ್ದರೆ ನಾನು ಅನ್ನ ತಿನ್ನುವ ಮನುಷ್ಯಳೇ ಅಲ್ಲ ಅಂದಳು. ಗಂಡ ಪಿಳ್ಳಪ್ಪ, ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು, ಮನೆಯಲ್ಲಿ ಮಾತ್ರ ದನಿ ಎತ್ತದವನು, ಆಗಲಿ ಅಂದ.

ಎರಡು ವರ್ಷ ಅವಳು ಮಾಡಿದ್ದು ತಂತಿ ಬಿಡಿಸುವ ಕೆಲಸ, ಗಾಯಗೊಂಡವರನ್ನು ಎಳೆದು ತರುವ ಕೆಲಸ. ಗುಂಡು ಹಾರಿಸುವ ಪ್ರಸಂಗ ಬಂದಿರಲಿಲ್ಲ. ಆಷಾಢದ ಆ ದಿನ ಬಂತು. ಇಲ್ಮಾ ಸೇತುವೆಯ ನಡುವೆ ಸರ್ವಾನಿನ ಒಬ್ಬ ಸೈನಿಕ ಕಾಲು ಮುರಿದುಕೊಂಡು ಬಿದ್ದಿದ್ದ. ಅವನನ್ನು ತರಲು ಕರುವನ್ನು ಕಳಿಸಿದರು. ತೆರೆಯ ತುಂಬ ಹೊಗೆ. ಆಚೆ ತುದಿಯಿಂದ ಒಬ್ಬ ತೆವಳಿಕೊಂಡು ಬರುತ್ತಿದ್ದ, ಮುಂದೆ ಒಂದು ಚೀಲವನ್ನು ತಳ್ಳಿಕೊಳ್ಳುತ್ತಿದ್ದ. ಎರಡು ದಿನದ ಹಿಂದೆ ಅಂಥದೇ ಚೀಲ ಸಿಡಿದು ಒಂದು ಕರುವೂ ಇಬ್ಬರು ಗಾಯಾಳುಗಳೂ ಹೋಗಿದ್ದರು. ನಿಮ್ಮ ತೀರ್ಮಾನ ಅಂತ ಕಿವಿಯಲ್ಲಿ ಅಲ್ಲಿನ ಅಧಿಕಾರಿ ಹೇಳಿದ. ಅಕ್ಕಯ್ಯಮ್ಮನ ತೋರುಬೆರಳು ಮಡಚಿತು. ಹೊಗೆ ಸರಿದಾಗ ಅವನು ಚೀಲದ ಮೇಲೆ ತಲೆಯಿಟ್ಟು ಮಲಗಿದ್ದ. ಚೀಲ ಸಿಡಿಯಲಿಲ್ಲ.

ಗಾಯಾಳುವನ್ನು ಎಳೆದು ತಂದದ್ದಾಯಿತು, ಅಲ್ಲಿಯವರು ಭೇಷ್ ಅಂದದ್ದೂ ಆಯಿತು. ಮಧ್ಯಾಹ್ನ ಊಟದ ಕೋಣೆಯಲ್ಲಿ, ಅದೇ ಕೇಂದ್ರದಲ್ಲಿ ಗವಸು ಹಾಕುವ ಫರ್ಜಾನಾ ತನ್ನ ಡಬ್ಬಿ ಬಿಚ್ಚಲಿಲ್ಲ. ಒಂದೇ ಕರುವನ್ನು ನಡೆಸುವ ಮೂವರು ಒಬ್ಬರಿಗೊಬ್ಬರು ಯಾರೆಂದು ಗೊತ್ತಾಗಬಾರದು ಅಂತ ನಿಯಮ. ಶಿಡ್ಲಘಟ್ಟದಲ್ಲಿ ಅದೆಲ್ಲ ಎಲ್ಲಿ ನಡೆಯುತ್ತದೆ? ಯಾರು ಡಬ್ಬಿ ಬಿಚ್ಚಲಿಲ್ಲ ಅಂತ ನೋಡಿದರೆ ಸಾಕು.

ಪೆಟ್ಟಿಗೆ ಅಳಿಸಿರಬಹುದು, ಆದರೆ ಎಳೆ ತುಂಡಾದದ್ದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುವ ಕಸುಬು ಅಕ್ಕಯ್ಯಮ್ಮನದು. ತನ್ನ ಬೆರಳು ಮಡಚಿತ್ತು, ಅದು ಅವಳಿಗೆ ಗೊತ್ತು. ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಳುವೂ ಬರಲಿಲ್ಲ. ಅಳೋಣವೆಂದರೆ ಯಾರಿಗಾಗಿ ಅಂತ ಹೆಸರೇ ಇಲ್ಲ.

ಇಲ್ಲಿ ಪಿಳ್ಳಪ್ಪನ ಮನೆಯ ಒಂದು ನಡಾವಳಿ ಹೇಳಬೇಕು. ಮಹಾಲಯ ಅಮಾವಾಸ್ಯೆಗೆ ಎಲ್ಲರೂ ತಮ್ಮ ಹಿರಿಯರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆಯುತ್ತಾರೆ. ಈ ಮನೆಯಲ್ಲಿ ಹಿರಿಯರ ಸಾಲಿನ ಕೊನೆಗೆ ಇನ್ನೊಂದು ಎಲೆ ಬೀಳುತ್ತಿತ್ತು. ಪಿಳ್ಳಪ್ಪನ ತಾತ ಗಾಡಿ ಹೊಡೆಯುವಾಗ ಇಳಿಜಾರಿನಲ್ಲಿ ಎತ್ತು ಬೆದರಿ ಒಬ್ಬ ದಾರಿಹೋಕ ಚಕ್ರಕ್ಕೆ ಸಿಕ್ಕಿದ್ದನಂತೆ. ಪೊಲೀಸರು ನಿನ್ನದೇನೂ ತಪ್ಪಿಲ್ಲ ಹೋಗು ಅಂದರೂ ತಾತ ನಾಲ್ಕು ಊರು ಅಲೆದು ಆ ಮನುಷ್ಯನ ಹೆಸರು ಕೇಳಿಕೊಂಡು ಬಂದ. ಚೌಡಪ್ಪ ಅಂತ. ಮನೆಯವರ ಕೈಯಿಂದ ಹೋದ ಜೀವ ಮನೆಯದೇ ಆಯಿತು, ಅದಕ್ಕೂ ಒಂದು ಎಲೆ ಅಂತ ಅಂದಿನಿಂದ ಚೌಡಪ್ಪನಿಗೆ ಮೂರು ತಲೆಮಾರು ಎಡೆ ನಡೆದಿತ್ತು. ಅಕ್ಕಯ್ಯಮ್ಮ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷ ಅದನ್ನು ತನ್ನ ಕೈಯಾರೆ ಬಡಿಸಿದವಳು. ಐದು ಸಾವಿರ ಮೈಲಿ ನಡೆದು ಹೆಸರು ಕೇಳಲಾಗುವುದಿಲ್ಲ, ಸರ್ಕಾರವನ್ನು ಕೇಳಿದರಾಯಿತು ಅಂದುಕೊಂಡು ಅರ್ಜಿ ಹಾಕಿದಳು.

ಆ ಕಾಲಕ್ಕೆ ಮಾಹಿತಿ ಹಕ್ಕಿನ ಅರ್ಜಿಗಳೆಲ್ಲ ಕೊಟ್ಟ ಗಳಿಗೆಯಲ್ಲೇ ಜಗತ್ತಿಗೆಲ್ಲ ಕಾಣುವ ಪುಟಕ್ಕೆ ಏರುತ್ತಿದ್ದವು. ಅವಳ ಬದನೆಕಾಯಿ ಒಗ್ಗರಣೆಗೆ ಬೀಳುವ ಮೊದಲೇ ದೊರೇಷ್ಯದ ವಕೀಲರು ಅದನ್ನು ಓದಿ ಮುಗಿಸಿದ್ದರು.

ಕೇಂದ್ರದ ರಕ್ಷಣಾಧಿಕಾರಿ ಇಂದುಶೇಖರ್ ಮಾರನೆಯ ದಿನ ಬೆಳಿಗ್ಗೆ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಐವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಹಿಂದೆ ಆ ಹನ್ನೊಂದು ಜನರ ಪರವಾಗಿ ಅಲ್ಲಿಯ ತನಕ ಹೋಗಿ ವಾದ ಮಾಡಿದ್ದವರು ಅವರೇ. ನಾಲ್ವರ ಜೊತೆ ವಾಪಸು ಬಂದ ಮೇಲೆ ಉಳಿದ ಏಳು ಮನೆಗಳಿಗೆ ಖುದ್ದಾಗಿ ಹೋಗಿ ಸುದ್ದಿ ಮುಟ್ಟಿಸಿದ್ದರು. ಕಾಯ್ದೆಯಲ್ಲಿ ಪೆಟ್ಟಿಗೆಯ ವಿಚಾರವಿರುವ ಕಲಮನ್ನು ಬರೆದದ್ದೂ ಅವರೇ. ಇನ್ನು ಒಬ್ಬರನ್ನೂ ಕಳೆದುಕೊಳ್ಳುವುದಿಲ್ಲ ಅನ್ನುವುದು ಅವರ ಹಟವಾಗಿತ್ತು. ಈಗ ಒಂದು ಹಾಳೆ ಎದುರಿಗಿಟ್ಟುಕೊಂಡು ಕೂತಿದ್ದರು.

ನಿಧಾನವಾಗಿ ತಿಳಿಸಿ ಹೇಳಿದರು. ಯುದ್ಧದಲ್ಲಿ ಸೈನಿಕ ಸತ್ತರೆ ಅದು ಅಪರಾಧವಲ್ಲ. ಆದರೆ ಸೇತುವೆಯ ಮೇಲೆ ಸತ್ತವನು ಗಾಯಾಳುಗಳನ್ನು ಹೊರುವ ಆಳು ಅಂತ ದೊರೇಷ್ಯದವರು ಹೇಳುತ್ತಿದ್ದಾರೆ. ಅಂಥವರನ್ನು ಮುಟ್ಟಬಾರದು ಅಂತ ಎಲ್ಲ ದೇಶಗಳೂ ಒಪ್ಪಿಕೊಂಡ ಕಟ್ಟಳೆಯಿದೆ. ನೀವು ನನ್ನ ಕೈಯಿಂದ ಅಂತ ಬರೆದುಬಿಟ್ಟಿರಿ. ಅವರ ದೇಶದ ನ್ಯಾಯಮಂಡಳಿಯಿಂದ ನೋಟೀಸು ಬರುತ್ತದೆ. ಅಮಾವಾಸ್ಯೆಯ ದಿನ ಸಂಜೆಯೊಳಗೆ ನಿರಾಕರಣೆ ಪತ್ರಕ್ಕೆ ಸಹಿ ಹಾಕಿದರೆ ರಕ್ಷಣೆ ಉಳಿಯುತ್ತದೆ. ಇಲ್ಲದಿದ್ದರೆ ನಮ್ಮ ಸರ್ಕಾರವೇ ನಿಮ್ಮನ್ನು ಅಲ್ಲಿಗೆ ಕಳಿಸಿಕೊಡಬೇಕಾಗುತ್ತದೆ. ಹೋದರೆ ಎಷ್ಟು ವರ್ಷವೋ ಹೇಳಲಾಗದು.

ಪತ್ರದಲ್ಲಿ ಒಂದೇ ಸಾಲಿತ್ತು. 'ಆ ಸಾವಿಗೂ ನನಗೂ ಯಾವುದೇ ಸಂಬಂಧವಿರುವುದಿಲ್ಲ.'

ಅಕ್ಕಯ್ಯಮ್ಮ ಅದನ್ನು ಎರಡು ಸಲ ಓದಿದಳು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಆದರೂ ಅವಳು ಕೇಳಿದ್ದು ಬೇರೆ. ಹಾಗಾದರೆ ನೋಟೀಸಿನಲ್ಲಿ ಅವನ ಹೆಸರು ಇರುತ್ತದೆಯಾ ಅಂದಳು. ಇಂದುಶೇಖರ್ ಕನ್ನಡಕ ತೆಗೆದು ಒರೆಸಿದರು. ಇರಲೇಬೇಕು, ಹೆಸರಿಲ್ಲದೆ ಮೊಕದ್ದಮೆ ಹೂಡಲಾಗದು ಅಂದರು.

ಊರಿಗೆ ಸುದ್ದಿ ಹಬ್ಬಿತು. ಪಿಳ್ಳಪ್ಪ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತ ಕೂಗುತ್ತ ನಡುವೆ ನಿಂತುಬಿಡುತ್ತಿದ್ದ. ಮನೆಗೆ ಬಂದು ಸಹಿ ಹಾಕಿಬಿಡೇ ಅನ್ನಲೂ ಬಾಯಿ ಬಾರದೆ, ಹಾಕಬೇಡ ಅನ್ನಲೂ ಆಗದೆ, ದನದ ಕೊಟ್ಟಿಗೆ ಗುಡಿಸುತ್ತಿದ್ದ. ಅದು ಮೊದಲೇ ಗುಡಿಸಿದ ಕೊಟ್ಟಿಗೆ. ನಾಗವೇಣಿ ಚಿಂತಾಮಣಿಯ ಆಸ್ಪತ್ರೆಯಲ್ಲಿ ಡಾಕ್ಟರು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಅವಳು ಅಮ್ಮನ ಜೊತೆ ಮಾತು ಬಿಟ್ಟಳು. ತನ್ನನ್ನು ಉಳಿಸಿದ ಮುದುಕಿಯ ಬೀದಿಯನ್ನು ಸುಟ್ಟವರ ಕಡೆಯವನಿಗೆ ಎಡೆಯೇ ಅನ್ನುವ ಸಿಟ್ಟು ಒಂದು ಕಡೆ. ತನ್ನಿಂದಲ್ಲವೇ ಅಮ್ಮ ಆ ಗವಸು ಹಾಕಿಕೊಂಡದ್ದು ಅನ್ನುವ ಸಂಕಟ ಇನ್ನೊಂದು ಕಡೆ. ಎರಡೂ ಸೇರಿ ಅವಳು ತಟ್ಟೆಯ ಮುಂದೆ ಕೂತು ಏಳುತ್ತಿದ್ದಳು.

ಫರ್ಜಾನಾ ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದಳು. ಕೂತು ಬೆಳ್ಳುಳ್ಳಿ ಸುಲಿದುಕೊಟ್ಟಳು. ತನ್ನ ಬೆರಳೂ ಮಡಚಿತ್ತು ಅಂತ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ.

"ನಾನು ಅಲ್ಲಾಹುಗೆ ಹೇಳ್ಕೊಂಡೆ ಅಕ್ಕಾ," ಅಂದಳು ಕೊನೆಗೆ. "ನೀನು ಹೋಗಿ ಸರ್ಕಾರಕ್ಕೆ ಯಾಕೆ ಹೇಳ್ದೆ?"

"ನಿನ್ನ ದೇವರಿಗೆ ಹೆಸರು ಗೊತ್ತಿರುತ್ತೆ ಕಣೇ. ನನಗೆ ಗೊತ್ತಿರಲಿಲ್ಲವಲ್ಲ," ಅಂದಳು ಅಕ್ಕಯ್ಯಮ್ಮ. ಇಬ್ಬರಿಗೂ ನಗು ಬಂತು, ನಗುತ್ತಲೇ ಫರ್ಜಾನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೀನು ಬಾಯಿ ಬಿಟ್ಟರೆ ನನ್ನಾಣೆ, ನಿನ್ನ ಮನೆಯಲ್ಲಿ ಸಣ್ಣ ಮಕ್ಕಳಿವೆ ಅಂತ ಅಕ್ಕಯ್ಯಮ್ಮ ಅವಳಿಂದ ಮಾತು ತೆಗೆದುಕೊಂಡು ಕಳಿಸಿದಳು.

ನೋಟೀಸು ಅಮಾವಾಸ್ಯೆಗೆ ಮೂರು ದಿನ ಇದ್ದಾಗ ಬಂತು. ಅದು ಸರ್ವಾನಿನವರ ಭಾಷೆಯಲ್ಲಿತ್ತು. ದೊರೇಷ್ಯದವರದೂ ಅದೇ ಭಾಷೆ, ನದಿ ಮಾತ್ರ ನಡುವೆ. ಮನೆಯಲ್ಲಿ ಅದನ್ನು ಓದಬಲ್ಲವಳು ನಾಗವೇಣಿ ಒಬ್ಬಳೇ. ಮಾತು ಬಿಟ್ಟಿದ್ದವಳು ಈಗ ಓದಲೇಬೇಕಾಯಿತು. ನಡುಮನೆಯ ಕಂಬಕ್ಕೆ ಒರಗಿ ಕೂತು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದಳು. ಸತ್ತವನ ಹೆಸರು ತೊಮಿರ್. ತಂದೆ ಒಲ್ಗಾಸ್, ತೀರಿಕೊಂಡಿದ್ದಾರೆ. ತಾಯಿ ಇದ್ದಾರೆ. ವಯಸ್ಸು ಇಪ್ಪತ್ತನಾಲ್ಕು. ಸೇನೆಯಲ್ಲಿ ಗಾಯಾಳುಗಳನ್ನು ಹೊರುವ ಕೆಲಸ, ಅದಕ್ಕೆ ಮೊದಲು ಬೇಕರಿಯಲ್ಲಿ ಬ್ರೆಡ್ಡು ಸುಡುತ್ತಿದ್ದ. ಚೀಲದಲ್ಲಿದ್ದದ್ದು ಗಾಯಕ್ಕೆ ಕಟ್ಟುವ ಬಟ್ಟೆ ಮತ್ತು ಎರಡು ಬಾಟಲಿ ನೀರು. ಸೇತುವೆಯ ನಡುವೆ ಬಿದ್ದಿದ್ದ ಎದುರು ಪಕ್ಷದ ಗಾಯಾಳುವಿಗೆ ನೀರು ಕೊಡಲು ಹೋಗುತ್ತಿದ್ದ ಅಂತ ಅವನ ಜೊತೆಯವರು ಹೇಳಿಕೆ ಕೊಟ್ಟಿದ್ದಾರೆ.

ಅಲ್ಲಿಗೆ ನಾಗವೇಣಿಯ ದನಿ ನಿಂತಿತು. ಆಮೇಲಿನ ಸಾಲುಗಳನ್ನು ಅವಳು ಮನಸ್ಸಿನಲ್ಲೇ ಓದಿಕೊಂಡಳು.

"ಏನು ಇಷ್ಟಪಟ್ಟು ತಿಂತಿದ್ದ ಅಂತ ಬರೆದಿದ್ದಾರಾ?" ಅಕ್ಕಯ್ಯಮ್ಮ ಕೇಳಿದಳು.

"ಅಮ್ಮಾ, ಇದು ಆಪಾದನೆ ಪಟ್ಟಿ."

ಅಂದವಳೇ ನಾಗವೇಣಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಎರಡು ತಿಂಗಳಿನಿಂದ ಬಾರದಿದ್ದ ಅಳು ಅಕ್ಕಯ್ಯಮ್ಮನಿಗೂ ಆಗ ಬಂತು. ತೊಮಿರಾ, ತೊಮಿರಾ ಅಂತ ಹೆಸರು ಹಿಡಿದೇ ಅತ್ತಳು. ಪಿಳ್ಳಪ್ಪ ಎದ್ದುಹೋಗಿ ಬಾಗಿಲಲ್ಲಿ ಬೆನ್ನು ಮಾಡಿ ನಿಂತ.

ಆ ದಿನ ರಾತ್ರಿ ಅವಳು ಹೊಟ್ಟೆ ತುಂಬ ಉಂಡಳು. ಇನ್ನೇನು, ಹೆಸರು ಸಿಕ್ಕಿತಲ್ಲ, ಸಹಿ ಹಾಕಿಬಿಡುತ್ತಾಳೆ ಅಂತ ಪಿಳ್ಳಪ್ಪ ಅಂದುಕೊಂಡ. ಊರೂ ಹಾಗೇ ಅಂದುಕೊಂಡಿತು. ನಿಜ ಹೇಳಬೇಕೆಂದರೆ ಒಂದು ದಿನ ಪೂರ್ತಿ ಅಕ್ಕಯ್ಯಮ್ಮನೂ ಹಾಗೇ ಅಂದುಕೊಂಡಿದ್ದಳು. ಸಹಿ ಹಾಕುವುದು ಕಾಗದಕ್ಕೆ, ಎಡೆ ಇಡುವುದು ಮನೆಯೊಳಗೆ. ಒಂದಕ್ಕೊಂದು ಯಾಕೆ ಅಡ್ಡ ಬರಬೇಕು? ಮಗಳ ಮದುವೆ ಆಗಬೇಕಿದೆ, ಗಂಡನಿಗೆ ಒಂದು ಲೋಟ ಕಾಫಿ ಮಾಡಿಕೊಳ್ಳಲು ಬಾರದು. ಮನಸ್ಸಿಗೆ ಬೇಕಾದಷ್ಟು ಸಮಾಧಾನ ಹೇಳಿಕೊಂಡಳು. ಹೇಳಿಕೊಂಡು, ಪೆನ್ನು ಹುಡುಕಿ ಗೋಡೆಯ ಗೂಡಿನಲ್ಲಿ ಎತ್ತಿಟ್ಟಿದ್ದಳು ಕೂಡ.

ಅಮಾವಾಸ್ಯೆಯ ದಿನ ಬೆಳಗಿನಿಂದ ಒಲೆ ಆರಲಿಲ್ಲ. ಕಜ್ಜಾಯ, ವಡೆ, ಮಾಂಸದ ಸಾರು, ಅತ್ತೆಗೆ ಇಷ್ಟವಾದ ಕುಂಬಳಕಾಯಿ ಪಲ್ಯ. ತೊಮಿರನಿಗೆ ಏನು ಮಾಡುವುದು ಅಂತ ಗೊತ್ತಾಗದೆ ನಾಗವೇಣಿಯನ್ನು ಕೇಳಿದಳು. ಅಲ್ಲಿಯವರು ಹುಳಿಹಿಟ್ಟಿನ ದಪ್ಪ ರೊಟ್ಟಿ ತಿನ್ನುತ್ತಾರೆ, ಮೇಲೆ ಎಳ್ಳು ಉದುರಿಸುತ್ತಾರೆ ಅಂದಳು ಮಗಳು. ಅಮ್ಮ ಕೇಳುವ ಮೊದಲೇ, ಹಿಂದಿನ ದಿನ ತಾನೇ ಹಿಟ್ಟು ಕಲಸಿಟ್ಟಿದ್ದಳು. ಕೆಂಡದ ಮೇಲೆ ಮಣ್ಣಿನ ಮುಚ್ಚಳ ಮುಚ್ಚಿ ಸುಟ್ಟಳು. ಅಡಿ ಸ್ವಲ್ಪ ಸೀದಿತು.

ಇಂದುಶೇಖರ್ ನಡು ಮಧ್ಯಾಹ್ನದ ಹೊತ್ತಿಗೆ ಬಂದರು. ಎಲೆಗಳೆಲ್ಲ ಹಾಸಿದ್ದಾಗಿತ್ತು, ಬಡಿಸುವುದೊಂದೇ ಬಾಕಿ. ಪತ್ರ ಮುಂದೆ ಹಿಡಿದು, ಇವತ್ತು ಸಂಜೆಗೆ ಗಡುವು ಮುಗಿಯುತ್ತದೆ ಅಕ್ಕಯ್ಯಮ್ಮನವರೇ, ಒಂದೇ ಸಾಲು, ನನಗಾಗಿಯಾದರೂ ಹಾಕಿ ಅಂದರು. ಏಳು ಮನೆಗಳ ಬಾಗಿಲು ತಟ್ಟಿದ್ದೇನೆ, ಎಂಟನೆಯದಕ್ಕೆ ನನ್ನ ಕೈಯಲ್ಲಿ ಶಕ್ತಿಯಿಲ್ಲ ಅಂದರು.

ಅಕ್ಕಯ್ಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡಳು. ಗೂಡಿನಿಂದ ಪೆನ್ನನ್ನೂ ತೆಗೆದುಕೊಂಡಳು. ಸಹಿ ಹಾಕುವ ಜಾಗಕ್ಕೆ ಕೈ ಹೋಯಿತು. ಪಕ್ಕದಲ್ಲೇ ಸಾಲಿನ ಕೊನೆಯ ಎಲೆಗಳಿದ್ದವು, ಒಂದು ಚೌಡಪ್ಪನದು, ಒಂದು ತೊಮಿರನದು. ಅವಳು ಆ ಸಾಲನ್ನು ಮತ್ತೆ ಓದಿದಳು, ಈ ಸಲ ಗಟ್ಟಿಯಾಗಿ. ಆಮೇಲೆ ಪತ್ರವನ್ನು ಹಾಗೇ ಮಡಚಿ ಅವರ ಕೈಗೆ ಕೊಟ್ಟಳು.

"ಸಂಬಂಧವಿಲ್ಲ ಅಂತ ಬರೆದುಕೊಟ್ಟು, ಆಮೇಲೆ ಊಟಕ್ಕೆ ಬಾ ಅಂದರೆ ಅವನು ಯಾಕೆ ಬರ್ತಾನೆ ಸ್ವಾಮಿ?"

ಕಾನೂನಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಇಂದುಶೇಖರ್ ಪಿಳ್ಳಪ್ಪನ ಕಡೆ ನೋಡಿದರು. ಅವನು ಹೆಂಡತಿಯ ಮುಖ ನೋಡಿದ, ಕಣ್ಣು ತುಂಬಿಕೊಂಡ, ಆಮೇಲೆ ಬಗ್ಗಿ ತೊಮಿರನ ಎಲೆಯ ಮೇಲೆ ನೀರು ಚಿಮುಕಿಸಿ ಒರೆಸಿದ. ಯಜಮಾನನ ಒಪ್ಪಿಗೆ ಅಷ್ಟೇ. ತಡೆದು ತಡೆದು ಇಂದುಶೇಖರ್ ಹೇಳಿದರು, ಹಾಗಾದರೆ ವಿಜಯದಶಮಿ ಕಳೆದ ಮೇಲೆ ಹೊರಡಬೇಕಾಗುತ್ತದೆ. ನಾನೂ ಜೊತೆಗೆ ಬರುತ್ತೇನೆ, ಅಂಥ ನ್ಯಾಯಮಂಡಳಿಗಳ ಮೆಟ್ಟಿಲು ನನಗೆ ಗೊತ್ತು, ಈ ಸಲ ಯಾರನ್ನೂ ಬಿಟ್ಟು ವಾಪಸು ಬರುವುದಿಲ್ಲ. ಅವನ ತಾಯಿಯೂ ಅಲ್ಲಿಗೆ ಬರುತ್ತಾರಾ ಅಂತ ಅಕ್ಕಯ್ಯಮ್ಮ ಕೇಳಿದಳು. ಬರುತ್ತಾರೆ ಅಂದರು. ಹಾಗಾದರೆ ಒಳ್ಳೆಯದೇ ಆಯಿತು, ಆ ತಾಯಿಯ ಎದುರಿಗೇ ಹೇಳಬೇಕಾದದ್ದು ಇದು ಅಂದು ಅವಳು ಬಡಿಸಲು ಕೂತಳು.

ಒಂದೊಂದು ಎಲೆಗೂ ಬಡಿಸಿ, ಧೂಪ ಹಾಕಿ, ಮಾವನ ಹೆಸರು, ಅತ್ತೆಯ ಹೆಸರು, ತಾತನ ಹೆಸರು, ಚೌಡಪ್ಪನ ಹೆಸರು ಕರೆದರು. ಕೊನೆಗೆ ಅಕ್ಕಯ್ಯಮ್ಮ ಎರಡೂ ಕೈ ಜೋಡಿಸಿ, ಒಲ್ಗಾಸನ ಮಗ ತೊಮಿರಾ, ನನ್ನ ಕೈಯಿಂದ ಹೋದವನೇ, ಬಾರಪ್ಪ ಉಣ್ಣು ಅಂದಳು. ಪಿಳ್ಳಪ್ಪ ಮೆಲ್ಲಗೆ, ಅವನಿಗೆ ಕನ್ನಡ ತಿಳಿಯುತ್ತಾ ಅಂತ ಅನುಮಾನಪಟ್ಟ. ಆಗ ನಾಗವೇಣಿ ಮುಂದೆ ಬಂದು ಎಲೆಯ ಹತ್ತಿರ ಮಂಡಿಯೂರಿ, ಅವನ ಭಾಷೆಯಲ್ಲಿ, ಮನೆಯವರನ್ನು ಕರೆಯುವ ಹಾಗೆ ನಾಲ್ಕು ಮಾತು ಹೇಳಿದಳು. ಸೀದ ರೊಟ್ಟಿಯ ಚೂರನ್ನು ಎಲೆಯ ನಡುವೆ ಸರಿಸಿಟ್ಟಳು.

ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂತರು. ಬಂದವರು ಸಂಕೋಚವಿಲ್ಲದೆ ಉಣ್ಣಲಿ ಅಂತ ಅಷ್ಟು ಹೊತ್ತು ಯಾರೂ ಒಳಗೆ ಇಣುಕುವಂತಿಲ್ಲ. ಇಂದುಶೇಖರ್ ಕೂಡ ಚಪ್ಪಲಿ ಬಿಚ್ಚಿ ಒಂದು ಮೂಲೆಯಲ್ಲಿ ಕೂತರು. ಅಕ್ಕಪಕ್ಕದ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದು ಊಟದ ಗದ್ದಲ ಶುರುವಾಯಿತು. ಪಿಳ್ಳಪ್ಪ ಎದ್ದು ಹೋಗಿ, ಹೊತ್ತಾಯಿತು ಅಂತ ಒಂದು ಸಲ ಕೆಮ್ಮಿ, ಬಾಗಿಲು ತಟ್ಟಲು ಕೈ ಎತ್ತಿದ.

"ಇರಿ," ಅಂದಳು ಅಕ್ಕಯ್ಯಮ್ಮ. "ನಮ್ಮವರೆಲ್ಲ ಉಂಡಿರಬಹುದು. ಅವನು ದೂರದಿಂದ ಬರಬೇಕು."

ಪಿಳ್ಳಪ್ಪ ಕೈ ಇಳಿಸಿ, ಬಂದು ಅವಳ ಪಕ್ಕದಲ್ಲಿ ಕೂತುಕೊಂಡ.